ಏರಿಳಿವ ಗಾಡಿಯ ಹುಚ್ಚು

ಐವತ್ತು ದಾಟಿದ ಮುಖ್ಯಾಧ್ಯಾಪಕನಿಗೆ ಯಾವ ಹವ್ಯಾಸ ಶೋಭಿಸುತ್ತದೆ ಎಂಬ ವಿಷಯದಲ್ಲಿ ನಮ್ಮ ಊರಿನ ಹಿರಿಯರಿಗೆ ಯಾವ ಸಂದೇಹವೂ ಇಲ್ಲ. ವಚನ ಪಠಣ ಆಗಬಹುದು. ಹಿತ್ತಲಲ್ಲಿ ನಾಲ್ಕು ನಿಂಬೆಗಿಡ ಬೆಳೆಸುವುದು ಆಗಬಹುದು. ಅಮಾವಾಸ್ಯೆಗೊಮ್ಮೆ ಭಜನೆಯಲ್ಲಿ ತಾಳ ಹಿಡಿದು ಕೂಡುವುದಂತೂ ಸರ್ವಥಾ ಯೋಗ್ಯ. ಆದರೆ ಎದೆಗೆ ಕಬ್ಬಿಣದ ಅಡ್ಡಪಟ್ಟಿ ಬಿಗಿಸಿಕೊಂಡು, ಮುಗಿಲೆತ್ತರದಿಂದ ತಲೆಕೆಳಗಾಗಿ ಧುಮುಕುವ ಗಾಡಿಯಲ್ಲಿ ಕುಳಿತು ಬರುವುದು? "ಹೆಡ್‌ಮಾಸ್ತರಗ ಈ ವಯಸ್ಸಿನ್ಯಾಗ ಇದೇನ್ ಹುಚ್ಚರೀ!" ಎಂದು ಕಟ್ಟೆಯ ಮೇಲೆ ಮಾತಾಗುವುದನ್ನು ನಾವು ಬಲ್ಲೆವು. ನಮ್ಮ ಮನೆಯವರ ಅಭಿಪ್ರಾಯ ಇನ್ನೂ ಸಂಕ್ಷಿಪ್ತವಾದುದು. ಅವರು ಏನನ್ನೂ ಹೇಳುವುದಿಲ್ಲ. ನಾವು ಇಳಿದು ಬರುವ ತನಕ ನಮ್ಮ ಕನ್ನಡಕವನ್ನೂ ಕೈಚೀಲವನ್ನೂ ಹಿಡಿದುಕೊಂಡು ನೆರಳಿನಲ್ಲಿ ಕುಳಿತಿರುತ್ತಾರೆ.

ಈ ಹುಚ್ಚು ಪೇಟೆಯಿಂದ ಬಂದದ್ದಲ್ಲ. ಅಕ್ಕಲಕೋಟೆ ಸೀಮೆಯ ಕನ್ನಡ ಮನೆಗಳಲ್ಲಿ ಹುಟ್ಟಿದವರಿಗೆ ನಾಗರಪಂಚಮಿಯ ಜೋಕಾಲಿಯನ್ನು ಬಣ್ಣಿಸಿ ಹೇಳಬೇಕಾಗಿಲ್ಲ. ಬೇವಿನ ಕೊಂಬೆಗೆ ಹಗ್ಗ ಬಿಗಿದು, ಇಬ್ಬರು ಎದುರುಬದುರಾಗಿ ನಿಂತು ಜೀಕುತ್ತ ಜೀಕುತ್ತ ಮೇಲೇರಿದಾಗ, ಹಿಂದಕ್ಕೆ ಮರಳುವ ಮುನ್ನ ಒಂದು ಗಳಿಗೆ ಮೈ ಹತ್ತಿಯಂತೆ ಹಗುರಾಗುತ್ತದೆ. ಹೊಟ್ಟೆಯೊಳಗೆ ಏನೋ ಝಲ್ಲೆನ್ನುತ್ತದೆ. ಸಂಕ್ರಾಂತಿಗೆ ಸೊಲ್ಲಾಪುರದ ಸಿದ್ಧರಾಮೇಶ್ವರ ಜಾತ್ರೆಗೆ ಹೋಗಿ, ನಂದಿಧ್ವಜಗಳ ಮೆರವಣಿಗೆಯನ್ನು ಕಂಡು, ಹೋಮ್ ಮೈದಾನದಲ್ಲಿ ತಿರುಗುವ ತೊಟ್ಟಿಲನ್ನು ಏರಿದಾಗಲೂ ಅದೇ ಝಲ್ಲೆನ್ನುವ ಸುಖ. ಮುಂದೆ ಅಧ್ಯಾಪಕ ಶಿಕ್ಷಣದ ವಿದ್ಯಾಲಯದಲ್ಲಿ ಲೋಲಕದ ಪಾಠವನ್ನು ಕಲಿಸುವ ಬಗೆಯನ್ನು ನಮಗೆ ಹೇಳಿಕೊಡುವಾಗ, ದಾರಕ್ಕೆ ಕಟ್ಟಿದ ಕಲ್ಲು ಮೇಜಿನ ಮೇಲೆ ತೂಗುತ್ತಿದ್ದರೆ ನಮ್ಮ ಮನಸ್ಸು ಮಾತ್ರ ಜೋಕಾಲಿಯ ಹಲಗೆಯ ಮೇಲೆ ನಿಂತಿತ್ತು.

ಆ ಝಲ್ಲೆನ್ನುವುದನ್ನು ಲೆಕ್ಕ ಹಾಕಿ ಉಕ್ಕಿನ ಹಳಿಯಲ್ಲಿ ಬಾಗಿಸಿಟ್ಟ ಯಂತ್ರವೇ ರೋಲರ್ ಕೋಸ್ಟರ್. ಅದರ ಗಾಡಿಗೆ ಸಾಮಾನ್ಯವಾಗಿ ಇಂಜಿನ್ ಇರುವುದಿಲ್ಲವೆಂದು ಹೇಳಿದರೆ ಮಕ್ಕಳು ನಂಬುವುದಿಲ್ಲ. ಸರಪಳಿಯೊಂದು ಗಾಡಿಯನ್ನು ಮೊದಲ ದಿಬ್ಬದ ನೆತ್ತಿಗೆ ಎಳೆದು ಬಿಟ್ಟರೆ ಮುಗಿಯಿತು. ಆಮೇಲಿನ ಓಟವೆಲ್ಲ ಭೂಮಿಯ ಸೆಳೆತದ್ದು. ಎತ್ತರದಲ್ಲಿ ಕೂಡಿಟ್ಟ ಶಕ್ತಿ ಇಳಿಜಾರಿನಲ್ಲಿ ವೇಗವಾಗುತ್ತದೆ. ವೇಗವು ಮುಂದಿನ ದಿಬ್ಬದಲ್ಲಿ ಮರಳಿ ಎತ್ತರವಾಗುತ್ತದೆ. ಗಾಳಿಯೂ ಘರ್ಷಣೆಯೂ ನಡುವೆ ತಮ್ಮ ಕಂದಾಯವನ್ನು ವಸೂಲು ಮಾಡುವುದರಿಂದ ಮುಂದಿನ ದಿಬ್ಬಗಳೆಲ್ಲ ಮೊದಲಿನದಕ್ಕಿಂತ ಗಿಡ್ಡವಾಗಿಯೇ ಇರಬೇಕು. ತರಗತಿಯಲ್ಲಿ ಎರಡು ದಿನ ಹಿಡಿಯುವ ಈ ಪಾಠ ಅಲ್ಲಿ ಎರಡು ನಿಮಿಷದಲ್ಲಿ ಮುಗಿಯುತ್ತದೆ, ಮುಂದೆಂದೂ ಮರೆಯುವುದಿಲ್ಲ.

ಇದರ ಇತಿಹಾಸವೂ ಸ್ವಾರಸ್ಯಕರವಾದುದು. ಅಮೆರಿಕದ ಕೋನಿ ಐಲೆಂಡ್‌ನಲ್ಲಿ 1884ರಲ್ಲಿ ಲಾಮಾರ್ಕಸ್ ಥಾಂಪ್ಸನ್ ಎಂಬವರು ಇಂಥ ಗಾಡಿಯನ್ನು ಹೂಡಿದಾಗ ಒಬ್ಬರಿಗೆ 5 ಸೆಂಟ್ ದರ. ವೇಗ ಗಂಟೆಗೆ ಸುಮಾರು 10 ಕಿಲೋಮೀಟರ್. ನಮ್ಮ ಕಾರಹುಣ್ಣಿಮೆಯ ಎತ್ತುಗಳು ಅದನ್ನು ಸುಲಭವಾಗಿ ಹಿಂದೆ ಹಾಕಿಯಾವು. 1895ರಲ್ಲಿ ಅಲ್ಲಿಯೇ ಸೀ ಲಯನ್ ಪಾರ್ಕಿನಲ್ಲಿ ಗಾಡಿಯನ್ನು ತಲೆಕೆಳಗು ಮಾಡಿ ತರುವ ವೃತ್ತಾಕಾರದ ಹಳಿಯನ್ನು ಕಟ್ಟಿದರು. ಕೈವಾರದಿಂದ ಎಳೆದಂಥ ಆ ವೃತ್ತವೇ ಜನರ ಕತ್ತಿಗೆ ಮುಳುವಾಯಿತು. ನೇರ ಹಳಿಯಿಂದ ವೃತ್ತವನ್ನು ಹೊಕ್ಕ ಕ್ಷಣ ಭಾರವೆಲ್ಲ ಒಮ್ಮೆಲೇ ಮೈಮೇಲೆ ಅಪ್ಪಳಿಸುತ್ತಿತ್ತು. 1976ರಲ್ಲಿ ಕ್ಯಾಲಿಫೋರ್ನಿಯದ ಮ್ಯಾಜಿಕ್ ಮೌಂಟನ್‌ನಲ್ಲಿ ಜರ್ಮನಿಯ ಆಂಟನ್ ಶ್ವಾರ್ಟ್ಸ್‌ಕೋಫ್ ಮತ್ತು ವೆರ್ನರ್ ಸ್ಟೆಂಗೆಲ್ ಅವರು ವೃತ್ತವನ್ನು ಕೈಬಿಟ್ಟು, ಕೆಳಗೆ ಅಗಲವಾಗಿ ಮೇಲೆ ಕಿರಿದಾಗುವ ನೀರಹನಿಯ ಆಕಾರವನ್ನು ಹಿಡಿದರು. ಬಾಗು ಮೆಲ್ಲಮೆಲ್ಲನೆ ಬಿಗಿಯಾಗುವುದರಿಂದ ಕತ್ತು ಉಳಿಯಿತು, ಉಲ್ಲಾಸವೂ ಉಳಿಯಿತು. ಹೊಸದಾಗಿ ಶಾಲೆಗೆ ಬಂದ ತರುಣ ಶಿಕ್ಷಕರಿಗೆ ನಾವು ಈ ಎರಡು ಆಕಾರಗಳನ್ನು ಹಲಗೆಯ ಮೇಲೆ ಬರೆದು ತೋರಿಸುವುದುಂಟು. ಭಾಗಾಕಾರವನ್ನು ಕಲಿಸುವಾಗಲೂ ಈ ಎಚ್ಚರ ಬೇಕು.

ಇನ್ನು ನಮ್ಮ ಅಭಿಮತಗಳು. ಮೊದಲನೆಯದು, ಎತ್ತರವೊಂದೇ ಗುಣವಲ್ಲ. ನ್ಯೂಜೆರ್ಸಿಯಲ್ಲಿ 2005ರಲ್ಲಿ ಎದ್ದು ನಿಂತ ಕಿಂಗ್ಡ ಕಾ 139 ಮೀಟರ್ ಎತ್ತರವಿತ್ತು. ಅದರ ಓಟ ಅರ್ಧ ನಿಮಿಷದಲ್ಲಿ ಮುಗಿಯುತ್ತಿತ್ತು. 2025ರಲ್ಲಿ ಅದನ್ನು ಕೆಡವಿದರು. ಅದರ ಐದನೆಯ ಒಂದು ಪಾಲೂ ಎತ್ತರವಿಲ್ಲದ, ಕೋನಿ ಐಲೆಂಡ್‌ನ ಸೈಕ್ಲೋನ್ ಎಂಬ ಮರದ ಹಳಿಯ ಗಾಡಿ 1927ರಿಂದ ಜನರನ್ನು ಹೊತ್ತು ಬಂದಿದೆ. ಇವೆರಡನ್ನೂ ನಾವು ಏರಿದವರಲ್ಲ, ಓದಿ ಬಲ್ಲವರು. ಆದರೂ ಸೈಕ್ಲೋನಿನ ಪಕ್ಷ ನಮ್ಮದು. ಎರಡನೆಯದು, ಕೂಡುವ ಜಾಗ. ಮುಂದಿನ ಸಾಲಿಗೆ ನೂಕಾಡುವವರು ನೋಟವನ್ನು ಬಯಸುವವರು. ಝಲ್ಲೆನ್ನಬೇಕಾದರೆ ಕೊನೆಯ ಸಾಲಿಗೆ ಹೋಗಬೇಕು. ಮುಂದಿನ ಡಬ್ಬಿ ದಿಬ್ಬದಾಚೆ ತೂಗುತ್ತ ತಡೆದು ಇಳಿಯುತ್ತದೆ. ಹಿಂದಿನದನ್ನು ಆ ಹೊತ್ತಿಗೆ ಇಳಿಯುತ್ತಿರುವ ಡಬ್ಬಿಗಳೆಲ್ಲ ಸೇರಿ ನೆತ್ತಿಯ ಮೇಲಿಂದ ಸೆಳೆದು ಎಸೆಯುತ್ತವೆ. ಮೂರನೆಯದು, ಅಲಂಕಾರ. ರಟ್ಟಿನ ರಾಕ್ಷಸರೂ ಬಣ್ಣದ ಕೋಟೆಗಳೂ ಇರಲಿ, ಬೇಡವೆನ್ನೆವು. ಆದರೆ ಸರದಿಯಲ್ಲಿ ಒಂದೂವರೆ ಗಂಟೆ ನಿಲ್ಲುವ ಮುದುಕರಿಗೆ ಒಂದು ಬೆಂಚು, ಮಕ್ಕಳಿಗೆ ಒಂದು ನೀರಿನ ನಲ್ಲಿ ಇಲ್ಲದ ಉದ್ಯಾನಕ್ಕೆ ಎಷ್ಟು ಅಲಂಕಾರವಿದ್ದೇನು?

ನಾವು ಏರಿದ್ದರಲ್ಲಿ ದೊಡ್ಡದು, ಖೋಪೋಲಿಯ ಬಳಿ 2013ರಲ್ಲಿ ತೆರೆದ ಇಮ್ಯಾಜಿಕಾ ಉದ್ಯಾನದ ನೈಟ್ರೋ. ಸುಮಾರು 40 ಮೀಟರ್ ಎತ್ತರ. ಐದು ಸಲ ತಲೆಕೆಳಗು. ಕಾಲ ಕೆಳಗೆ ನೆಲಹಲಗೆಯೇ ಇಲ್ಲ. ಸಹ್ಯಾದ್ರಿಯ ಬೆಟ್ಟಗಳು ಒಮ್ಮೆ ತಲೆಯ ಮೇಲೆ, ಒಮ್ಮೆ ಪಾದದ ಕೆಳಗೆ ಬಂದು ಹೋಗುವುದನ್ನು ಕನ್ನಡಕವಿಲ್ಲದ ಕಣ್ಣಿನಿಂದ ಮಸುಕುಮಸುಕಾಗಿ ಕಂಡೆವು. ಕೊಚ್ಚಿಯಲ್ಲಿ 2000ದಲ್ಲಿ ವೀಗಾಲ್ಯಾಂಡ್ ಎಂಬ ಹೆಸರಿನಿಂದ ಆರಂಭವಾದ ವಂಡರ್‌ಲಾ ಉದ್ಯಾನಗಳು 2005ರಲ್ಲಿ ಬೆಂಗಳೂರಿನ ಹೊರಗೆ ಬಿಡದಿಯ ಬಳಿ, 2016ರಲ್ಲಿ ಹೈದರಾಬಾದಿನಲ್ಲಿ, 2025ರಲ್ಲಿ ಚೆನ್ನೈಯ ಹತ್ತಿರ ತೆರೆದವು. ಹೀಗಾಗಿ ಗಡಿಯ ಯಾವ ದಿಕ್ಕಿನಲ್ಲಿರುವ ನಮ್ಮ ವಾಚಕರಿಗೂ ಇಂಥ ಒಂದು ಉದ್ಯಾನ ರಾತ್ರಿಯ ಪ್ರಯಾಣದಷ್ಟೇ ದೂರ.

ತಾವೊಬ್ಬರೇ ಏರುವುದು ಬೇರೆ, ಪರರ ಮಕ್ಕಳನ್ನು ಏರಿಸುವುದು ಬೇರೆ. ಕಳೆದ ಶಾಲಾ ಪ್ರವಾಸಕ್ಕೆ ಇಂಥ ಒಂದು ಉದ್ಯಾನವನ್ನು ಆರಿಸಿದಾಗ (ಹೆಸರು ಬೇಡ), ಏಳನೆಯ ತರಗತಿಯ ಪಾಲಕರನ್ನೆಲ್ಲ ಕರೆಸಿ ಒಪ್ಪಿಗೆಯ ಸಹಿ ಕೇಳಿದೆವು. ಹಲವರು ದುಡ್ಡಿನ ಮಾತೆತ್ತಿದರು, ಅದು ನ್ಯಾಯವೇ. ಸೊಲ್ಲಾಪುರದ ವಿದ್ಯುತ್ ಮಗ್ಗದ ಕಾರ್ಖಾನೆಯಲ್ಲಿ ದುಡಿದು ವಾರಕ್ಕೊಮ್ಮೆ ಊರಿಗೆ ಬರುವ ಒಬ್ಬ ತಂದೆ ಮಾತ್ರ ಸಹಿ ಹಾಕದೆ, ಪೆನ್ನನ್ನು ಹಿಡಿದುಕೊಂಡೇ ಕೇಳಿದರು: "ಗುರುಗಳ, ಒಂದ್ ಮಾತ್ ಕೇಳ್ತೀನ್ರಿ. ಆ ಗಾಡಿದ ಬೋಲ್ಟ್ ದಿನಾ ಯಾರ್ ನೋಡ್ತಾರ್ರಿ?"

ಅದು ಯಂತ್ರದ ಪಕ್ಕದಲ್ಲಿ ಇಪ್ಪತ್ತು ವರ್ಷ ನಿಂತವನ ಪ್ರಶ್ನೆ. "ಕೇಳಿ ತಿಳಿದುಕೊಂಡು ಹೇಳುತ್ತೇವೆ" ಎಂದು ಉದ್ಯಾನಕ್ಕೆ ದೂರವಾಣಿ ಮಾಡಿದೆವು. ನಾಲ್ಕು ಕೈ ಬದಲಾದ ಮೇಲೆ ದುರಸ್ತಿ ವಿಭಾಗದ ಒಬ್ಬರು ಸಿಕ್ಕರು. ಬಾಗಿಲು ತೆರೆಯುವ ಮುನ್ನ ಪ್ರತಿದಿನ ಬೆಳಿಗ್ಗೆ ಹಳಿಯನ್ನೂ ಗಾಲಿಗಳನ್ನೂ ಅಡ್ಡಪಟ್ಟಿಗಳನ್ನೂ ನೋಡಿ, ಖಾಲಿ ಗಾಡಿಯನ್ನು ಓಡಿಸಿ, ಪಟ್ಟಿಯಲ್ಲಿ ಸಹಿ ಹಾಕಿದ ಬಳಿಕವೇ ಜನರನ್ನು ಬಿಡುವುದೆಂದು ಅವರು ಹೇಳಿದರು. ಗಾಲಿಗಳು ಹಳಿಯ ಮೇಲೆ, ಪಕ್ಕದಲ್ಲಿ ಮತ್ತು ಅಡಿಯಲ್ಲಿ ಮೂರೂ ಕಡೆ ಹಿಡಿದಿರುತ್ತವೆ, ಆದ್ದರಿಂದ ಗಾಡಿ ಹಳಿಯಿಂದ ಏಳಲಾರದೆಂದೂ ವಿವರಿಸಿದರು. ಅಡಿಯ ಗಾಲಿಯ ಆ ಉಪಾಯ ಜಾನ್ ಮಿಲ್ಲರ್ ಎಂಬ ಅಮೆರಿಕನ್ನರು 1919ರಲ್ಲಿ ಹಕ್ಕುಪತ್ರ ಪಡೆದದ್ದು. ಇಷ್ಟನ್ನೂ ತಿಳಿಸಿದ ಮೇಲೆ ಆ ತಂದೆ ಸಹಿ ಹಾಕಿದರು.

ನಮಗೆ ಇನ್ನೊಂದು ಚಿಂತೆಯಿತ್ತು. ಅಲ್ಲಿಯ ಸೂಚನೆಗಳು ಇಂಗ್ಲಿಷ್, ಹಿಂದಿ, ಮರಾಠಿಯಲ್ಲಿ. ನಮ್ಮ ಮಕ್ಕಳಿಗೆ ಮರಾಠಿ ಬಾರದೆಂದಲ್ಲ; ಪರೀಕ್ಷೆಯಲ್ಲಿ ಚೆನ್ನಾಗಿಯೇ ಬರೆಯುತ್ತಾರೆ. ಆದರೆ ಹೆದರಿದ ಮಗು ಮನೆಯ ಮಾತಿಗೇ ಮೊದಲು ಕಿವಿಗೊಡುತ್ತದೆ. ಆದಕಾರಣ ಹತ್ತು ವಾಕ್ಯಗಳ ಕನ್ನಡ ಸೂಚನೆಯನ್ನು ಬರೆದು ಎಲ್ಲರಿಂದ ಬಾಯಿಪಾಠ ಮಾಡಿಸಿದೆವು. ಅಡ್ಡಪಟ್ಟಿಯನ್ನು ಕೈಯಿಂದ ಎತ್ತಿ ನೋಡಿ, ಏಳದಿದ್ದರೆ ಸರಿ. ಓಢಣಿಯನ್ನು ಬಿಚ್ಚಿಡಿ, ಜಡೆಯನ್ನು ಬಿಗಿದುಕೊಳ್ಳಿ. ತಲೆಯನ್ನು ಹಿಂದಕ್ಕೆ ಆನಿಸಿ. ಪಟ್ಟಿ ತಾನಾಗಿ ಬಿಡುವ ತನಕ ಏಳಬೇಡಿ. ಎಂಟನೆಯದು: ಗಾಡಿ ನಡುವೆ ನಿಂತರೆ ಹೆದರಬೇಡಿ, ಅದನ್ನು ನಿಲ್ಲಿಸಿರುತ್ತಾರೆ.

ಉದ್ಯಾನದ ಬಾಗಿಲಲ್ಲಿ 140 ಸೆಂಟಿಮೀಟರಿನ ಅಳತೆಗೋಲು. ನಮ್ಮಲ್ಲಿ ಒಬ್ಬನೇ ಹುಡುಗ ಅದಕ್ಕೆ ಮೂರು ಸೆಂಟಿಮೀಟರ್ ಕಡಿಮೆಯಾದ. ಪ್ರಶ್ನೆ ಕೇಳಿದ ಆ ತಂದೆಯ ಮಗನೇ. ಅವನು ಅಳಲಿಲ್ಲ, ಬೂಟಿನೊಳಗೆ ಕಾಗದ ತುರುಕಿಕೊಂಡು ಮತ್ತೆ ಬಂದು ನಿಂತ. ಕಾವಲಿನ ತರುಣಿ ನಗುತ್ತ ಬೂಟು ಬಿಚ್ಚಿಸಿ ಅಳೆದು, "ಮುಂದಿನ ವರ್ಷ ಬಾ" ಎಂದು ಮರಾಠಿಯಲ್ಲಿ ಹೇಳಿ ಕಳಿಸಿದಳು. ನಮಗೂ ಕರುಳು ಚುರುಕ್ಕೆಂದಿತು. ಆದರೂ ಶಿಫಾರಸು ಮಾಡಲು ಹೋಗಲಿಲ್ಲ. ಅಡ್ಡಪಟ್ಟಿ ಹಿಡಿಯುವುದು ಹೆಗಲನ್ನು. ಹೆಗಲು ಸಾಲದಿದ್ದರೆ ಮಗು ಜಾರುತ್ತದೆ.

ಉಳಿದವರೊಡನೆ ಕೊನೆಯ ಸಾಲಿನಲ್ಲಿ ಕುಳಿತೆವು. ಗಾಡಿ ಟಕ್ ಟಕ್ ಎಂದು ಏರತೊಡಗಿತು. ಮುಕ್ಕಾಲು ಏರಿದಾಗ ಸರಪಳಿ ನಿಂತಿತು. ಸದ್ದಡಗಿತು. ಮುಂದೆ ಇಪ್ಪತ್ತು ಮಕ್ಕಳು ಆಕಾಶಕ್ಕೆ ಮುಖ ಮಾಡಿ ಒರಗಿದ್ದಾರೆ. ಕೆಳಗಿನ ಧ್ವನಿವರ್ಧಕದ ಮಾತು ಗಾಳಿಯಲ್ಲಿ ಚೂರುಚೂರು. ಒಂದು ಹುಡುಗಿ ಬಿಕ್ಕಿದಳು. ನಮ್ಮ ಎದೆಯೂ ಹೊಡೆದುಕೊಳ್ಳುತ್ತಿತ್ತು; ಇಪ್ಪತ್ತು ಸಹಿಗಳು ಕಣ್ಣ ಮುಂದೆ ಬಂದವು. "ಎಂಟನೆಯ ಸೂಚನೆ ಯಾವುದು?" ಎಂದು ತರಗತಿಯ ಧ್ವನಿಯಲ್ಲಿಯೇ ಕೂಗಿದೆವು. ಮೂರು ನಾಲ್ಕು ಕಂಠಗಳು ಹೇಳಿದವು, ಆಮೇಲೆ ಎಲ್ಲರೂ. "ಹದಿಮೂರರ ಮಗ್ಗಿ" ಎಂದೆವು. ಹದಿಮೂರು ಮುಗಿದು ಹದಿನಾರರ ಮಗ್ಗಿಯ ನಡುವಿನಲ್ಲಿದ್ದಾಗ ಸರಪಳಿ ಮತ್ತೆ ಎಳೆಯಿತು. ಹದಿನಾರೇಳಲೆ ಎಷ್ಟೆಂಬುದು ಚೀತ್ಕಾರದಲ್ಲಿ ಕಳೆದುಹೋಯಿತು.

ಇಳಿದ ಮೇಲೆ ಕಾರಣವನ್ನು ಕೇಳಿದೆವು. ಮುಂದಿನ ಗಾಡಿ ನಿಲ್ದಾಣವನ್ನು ತೆರವು ಮಾಡಿರಲಿಲ್ಲ. ರೈಲಿನವರಂತೆಯೇ ಇವರೂ ಹಳಿಯನ್ನು ಭಾಗಗಳಾಗಿ ಒಡೆದಿದ್ದಾರೆ. ಮುಂದಿನ ಭಾಗ ಖಾಲಿಯಾಗದೆ ಹಿಂದಿನ ಗಾಡಿಯನ್ನು ಬಿಡುವುದಿಲ್ಲ. ಆ ಟಕ್ ಟಕ್ ಸದ್ದೂ ಅಂಥದೇ: ಗಾಡಿಯಡಿಯ ಕೊಕ್ಕೆಯೊಂದು ಹಳಿಯ ಪಕ್ಕದ ಹಲ್ಲುಗಳ ಮೇಲೆ ಒಂದೊಂದಾಗಿ ಬೀಳುತ್ತ ಹೋಗುತ್ತದೆ; ಸರಪಳಿ ಕಡಿದರೂ ಗಾಡಿ ಹಿಂದಕ್ಕೆ ಜಾರದು. ಜನ ಹೆದರುವ ಸದ್ದೇ ಅವರನ್ನು ಕಾಯುವ ಸದ್ದು. ಊರಿಗೆ ಬಂದು ಇದನ್ನು ಆ ತಂದೆಗೆ ಹೇಳಿದಾಗ, "ನಮ್ಮ ಮಗ್ಗದಾಗೂ ಅದ ಹಲ್ಲಿನ ಗಾಲಿ ಐತ್ರಿ, ಬಟ್ಟಿ ಹಿಂದ ಸರೀದಂಗ ಹಿಡೀತದ" ಎಂದರು. ಮಗನನ್ನು ಬಿಡಲಿಲ್ಲವೆಂಬ ಬೇಸರವಿದೆಯೇ ಎಂದು ಕೇಳಿದೆವು. "ಚಲೋ ಆತ್ ಬಿಡ್ರಿ. ಅಳತಿ ನೋಡ್ತಾರಂದ್ರ ಬೋಲ್ಟೂ ನೋಡ್ತಾರ."

ಉದ್ಯಾನಗಳನ್ನು ಅಳೆಯಲು ನಮ್ಮ ಮೂರು ಅಭಿಮತಗಳಿಗಿಂತ ಈ ಒಂದು ಮಾತು ಹೆಚ್ಚು ಉಪಯುಕ್ತವೆಂದು ತೋರುತ್ತದೆ. ಇದು ಜಾತ್ರೆಯ ತೊಟ್ಟಿಲಿಗೆ ಇನ್ನೂ ಹೆಚ್ಚಾಗಿ ಸಲ್ಲುತ್ತದೆ. ಒಂದೆರಡು ದಿನದಲ್ಲಿ ಕಟ್ಟಿ, ವಾರದಲ್ಲಿ ಬಿಚ್ಚಿ, ಲಾರಿಯಲ್ಲಿ ಮುಂದಿನೂರಿಗೆ ಸಾಗಿಸುವ ಯಂತ್ರದ ಬೋಲ್ಟುಗಳು ಎಷ್ಟು ಸಲ ಬಿಗಿದು ಸಡಿಲಿಸಿದವುಗಳಾಗಿರಬೇಡ! 2022ರ ಸೆಪ್ಟೆಂಬರಿನಲ್ಲಿ ಪಂಜಾಬಿನ ಮೊಹಾಲಿಯ ಮೇಳದಲ್ಲಿ ಜನರನ್ನು ಹೊತ್ತು ಏರಿದ್ದ ಆಟದ ಯಂತ್ರವೊಂದು ಕುಸಿದು ಹಲವರು ಗಾಯಗೊಂಡದ್ದನ್ನು ವಾಚಕರು ನೆನೆದಾರು. ಹಾಗೆಂದು ತೊಟ್ಟಿಲನ್ನು ಬಿಡಿರೆಂದು ನಾವು ಹೇಳುವುದಿಲ್ಲ, ಕೇಳಿರಿ ಎನ್ನುತ್ತೇವೆ. ಬುಡದ ಕೆಳಗಿನ ಮರದ ತುಂಡುಗಳು ಕದಲುತ್ತಿವೆಯೇ? ಕೂಡುವ ಡಬ್ಬಿಯ ಬಾಗಿಲಿಗೆ ಚಿಲಕವಿದೆಯೇ, ತಂತಿ ಸುತ್ತಿದ್ದಾರೆಯೇ? ನಡೆಸುವವನು ಎಚ್ಚರದಲ್ಲಿದ್ದಾನೆಯೇ?

ಈ ಸಲದ ನಮ್ಮೂರ ಜಾತ್ರೆಯಲ್ಲಿ ಆ ತಂದೆ ತೊಟ್ಟಿಲಿನ ಸುತ್ತ ಒಂದು ಪ್ರದಕ್ಷಿಣೆ ಬಂದು, ಪಿನ್ನಿಲ್ಲದ ಒಂದು ಬೋಲ್ಟನ್ನು ತೋರಿಸಿದರು. ಯಜಮಾನನು ಮೊದಲು ಗೊಣಗಿದ. ಮಕ್ಕಳ ಸಾಲು ಅಲುಗದೆ ನಿಂತದ್ದನ್ನು ಕಂಡು ಯಂತ್ರವನ್ನು ನಿಲ್ಲಿಸಿ ಪಿನ್ನು ಹಾಕಿಸಿದ. ಕಾಲು ಗಂಟೆಯ ಕೆಲಸ.

ಇತ್ತ ಶಾಲೆಯ ಗೋಡೆಯ ಮೇಲೆ ಯಾರೋ ಇದ್ದಿಲಿನಿಂದ 140ರ ಗೆರೆ ಎಳೆದಿದ್ದಾರೆ. ಸುಣ್ಣ ಬಳಿಯುವಾಗ ಅದನ್ನು ಅಳಿಸಬೇಡಿರೆಂದು ಸಿಪಾಯಿಗೆ ಹೇಳಿದ್ದೇವೆ. ಮೊನ್ನೆ ಬರಿಗಾಲಲ್ಲಿ ನಿಂತು ಅಳೆಸಿಕೊಂಡಾಗ ಹುಡುಗನಿಗೆ ಇನ್ನು ಅರ್ಧ ಬೆರಳಿನಷ್ಟೇ ಕಡಿಮೆಯಿತ್ತು.