ಬಚ್ಚಲ ನಳದ ಬಾಕಿ

ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ಕಂತು ಕಟ್ಟದವರಿಗೆ ನೆನಪೋಲೆ ಬರೆಯುವುದು ನನ್ನ ಕೆಲಸವಾಗಿತ್ತು. ಅಂಥ ನಾನೇ ಸಂಗೊಳ್ಳಿಯ ನಮ್ಮ ಮನೆಯ ಬಚ್ಚಲ ನಳವನ್ನು ಮೂರು ತಿಂಗಳು ಬಾಕಿ ಇಟ್ಟಿದ್ದೆ. ಅದು ಬಾಯಿಂದ ತೊಟ್ಟಿಕ್ಕುತ್ತಿತ್ತು, ಗೋಡೆ ಸೇರುವ ಕಡೆಯಿಂದಲೂ ಜಿನುಗುತ್ತಿತ್ತು. ಮನೆಯಾಕೆ ಹೇಳಿದಾಗಲೆಲ್ಲ "ಬರೋ ಐತವಾರ ನೋಡ್ತೀನಿ" ಎನ್ನುತ್ತಿದ್ದೆ. ಐತವಾರಗಳು ಬಂದು ಹೋದವು, ನೆಲಕ್ಕೆ ಪಾಚಿ ಕಟ್ಟಿತು. ಒಂದು ಬೆಳಿಗ್ಗೆ ಆಕೆ ಅಲ್ಲೇ ಕಾಲು ಜಾರಿ ಬಿದ್ದಳು. ಪುಣ್ಯಕ್ಕೆ ಮುಂಗೈ ಉಳುಕಿತ್ತು ಅಷ್ಟೆ. ಆಕೆ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಮನಸ್ಸಿಗೆ ಹಗುರಾಗುತ್ತಿತ್ತು.

ಆರನೆಯ ಇಯತ್ತೆಯ ಮೊಮ್ಮಗ ರಜೆಗೆ ಧಾರವಾಡದಿಂದ ಬಂದಿದ್ದ. ಅವನು ನಳದ ಕೆಳಗೆ ಒಂದು ಲೀಟರ್ ಬಾಟಲಿ ಇಟ್ಟು ಗಡಿಯಾರ ಹಿಡಿದು ಕುಳಿತ. ತುಂಬಲು 72 ನಿಮಿಷ ಬೇಕಾಯಿತು. ಅಂದರೆ ದಿನಕ್ಕೆ 20 ಲೀಟರ್, ವರ್ಷಕ್ಕೆ 7,300. ಜಲಜೀವನ ಯೋಜನೆಯಲ್ಲಿ ಹಳ್ಳಿಯ ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂದು ಲೆಕ್ಕ. ಒಬ್ಬ ಮನುಷ್ಯನ 132 ದಿನಗಳ ನೀರನ್ನು ನಾನು ಹನಿ ಹನಿಯಾಗಿ ಬಚ್ಚಲಿಗೆ ಬಿಡುತ್ತಿದ್ದೆ. ಬಿ.ಕಾಂ. ಓದಿದವನಿಗೆ ಈ ಲೆಕ್ಕ ಹುಡುಗ ಹೇಳಿಕೊಡಬೇಕಾಯಿತು!

ಬೈಲಹೊಂಗಲದ ಪೇಟೆಗೆ ಹೋಗಿ ಅರ್ಧ ಇಂಚಿನ ಹಿತ್ತಾಳೆ ನಳ, ಒಂದು ಸುರುಳಿ ಟೆಫ್ಲಾನ್ ಟೇಪು ತಂದೆವು. ಮೊಮ್ಮಗ ನಳದ ತಿರುಪಿಗೆ ಸ್ಕೇಲ್ ಹಿಡಿದು, "ಅಜ್ಜಾ, ಅಂಗಡಿಯಾಂವ ಮೋಸ ಮಾಡ್ಯಾನ. ಇದು 21 ಮಿಲಿಮೀಟರ್ ಐತಿ, ಅರ್ಧ ಇಂಚ್ ಅಂದ್ರ 13 ಆಗಬೇಕಲ್ಲ?" ಎಂದ. ಮೋಸವೇನೂ ಇರಲಿಲ್ಲ. ಅರ್ಧ ಇಂಚು ಎನ್ನುವುದು ಪೈಪಿನ ಒಳಗಿನ ತೂತಿನಿಂದ ಬಂದ ಹೆಸರು, ತಿರುಪಿನ ಹೊರಗಿನ ಅಳತೆಯಲ್ಲ.

ಮಾಳಿಗೆಯ ಟಾಕಿಯ ವಾಲ್ವ್ ಮುಚ್ಚಿ, ಪೈಪಿನಲ್ಲಿ ಉಳಿದ ನೀರು ಹೋಗಲೆಂದು ನಳ ತೆರೆದಿಟ್ಟೆ. ಪಾನಾ ಹಾಕಿ ಹಳೆಯ ನಳ ಬಿಚ್ಚಿದಾಗ ಅದರ ತಿರುಪಿಗೆ ಸುತ್ತಿದ್ದ ಸೆಣಬಿನ ನಾರು ಕೊಳೆತು ಕಪ್ಪಾಗಿತ್ತು. ಗೋಡೆಯೊಳಗಿನ ತಿರುಪನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ, ಬಟ್ಟೆಯಿಂದ ಒಣಗಿಸಿದೆವು. ಈ ಕೆಲಸದಲ್ಲಿ ಅವಸರ ಮಾಡಬಾರದು. ಹಳೆಯ ನಾರಿನ ಒಂದು ಎಳೆ ಉಳಿದರೂ ನೀರು ಅದರ ಗುಂಟ ಹಾದಿ ಮಾಡಿಕೊಳ್ಳುತ್ತದೆ.

ಆಮೇಲೆ ನಾನು ದೊಡ್ಡ ಪ್ಲಂಬರನ ಗತ್ತಿನಲ್ಲಿ ಟೇಪು ಸುತ್ತಿ ನಳ ಕೂಡಿಸಿದೆ. ವಾಲ್ವ್ ತೆರೆದರೆ ಸಂದಿಯಿಂದ ಮತ್ತೆ ಹನಿ! ಇನ್ನಷ್ಟು ಬಿಗಿ ಮಾಡಲು ಪಾನಾ ಹಿಡಿದೆ. ಆ ಬಿಗಿಗೆ ಗೋಡೆಯೊಳಗಿನ ಪ್ಲಾಸ್ಟಿಕ್ ಎಲ್ಬೋ ಸೀಳಿದ್ದರೆ ಟೈಲ್ಸ್ ಒಡೆಸಬೇಕಾಗುತ್ತಿತ್ತು. ಅಷ್ಟರಲ್ಲಿ ಮೊಮ್ಮಗ ಬಗ್ಗಿ ನೋಡಿ, "ಅಜ್ಜಾ, ನೀ ತಿರುವಿದಂಗ ಟೇಪ್ ಶಾವಿಗಿ ಆಗಿ ಹೊರಗ ಬರಾಕತ್ತೈತಿ" ಎಂದ. ನಾನು ಉಲ್ಟಾ ಸುತ್ತಿದ್ದೆ. ತಿರುಪಿನ ತುದಿ ನಮ್ಮ ಕಡೆ ಇದ್ದಾಗ ಗಡಿಯಾರದ ಮುಳ್ಳು ಹೋಗುವ ದಿಕ್ಕಿಗೆ ಸುತ್ತಬೇಕು. ಹಾಗೆ ಸುತ್ತಿದರೆ ನಳ ಬಿಗಿಯಾದಂತೆ ಟೇಪೂ ಬಿಗಿಯಾಗುತ್ತದೆ.

ಈ ಟೇಪಿಗೆ ಅಂಟು ಇರುವುದಿಲ್ಲ. ಅದು ತಿರುಪಿನ ಸಂದಿಗಳನ್ನು ತುಂಬುತ್ತದೆ, ಅಷ್ಟೆ. 1938ರಲ್ಲಿ ಅಮೆರಿಕದ ರಾಯ್ ಪ್ಲಂಕೆಟ್ ಎಂಬ ರಸಾಯನಶಾಸ್ತ್ರಜ್ಞ ಶೀತಲ ಪೆಟ್ಟಿಗೆಗೆ ಬೇಕಾದ ಅನಿಲದ ಮೇಲೆ ಕೆಲಸ ಮಾಡುತ್ತಿದ್ದಾಗ ಒಂದು ಸಿಲಿಂಡರಿನಿಂದ ಅನಿಲ ಬರಲಿಲ್ಲ, ತೂಕ ಮಾತ್ರ ಇದ್ದಷ್ಟೇ ಇತ್ತು. ಕೊಯ್ದು ನೋಡಿದರೆ ಒಳಗೆ ಜಾರುವ ಬಿಳಿ ಪುಡಿ. ಅದೇ ಟೆಫ್ಲಾನ್. ಮೊಮ್ಮಗನಿಗೆ ನಳಕ್ಕಿಂತ ಈ ಕಥೆಯೇ ಹೆಚ್ಚು ಹಿಡಿಸಿತು.

ಹೊಸದಾಗಿ ಎಂಟು ಸುತ್ತು ಸುತ್ತಿ ಮೊದಲು ಕೈಯಿಂದ, ಕೊನೆಗೆ ಪಾನಾದಿಂದ ತುಸು ಬಿಗಿ ಮಾಡಿದೆ. ನಳದ ಮೂತಿ ನೇರ ಕೆಳಗೆ ಬಂದಾಗ ನಿಲ್ಲಿಸಬೇಕು. ದಾಟಿಹೋಯಿತೆಂದು ಹಿಂದಕ್ಕೆ ತಿರುಗಿಸಿದರೆ ಸೋರುವುದು ಖಂಡಿತ, ಆಗ ಬಿಚ್ಚಿ ಮತ್ತೆ ಹೊಸ ಟೇಪನ್ನೇ ಸುತ್ತಬೇಕು. ಗೋಡೆಯ ಬಿಲ್ಲೆಯ ಸುತ್ತ ಬಿಳಿ ಸಿಮೆಂಟ್ ಮೆತ್ತಿ, ಕೆಳಗಡೆ ಮಾತ್ರ ಬೆರಳಗಲ ಬಿಟ್ಟೆವು. ಮುಂದೆ ಒಳಗೆ ಸೋರಿದರೆ ನೀರು ಗೋಡೆಗೆ ಇಳಿಯದೆ ಅಲ್ಲಿಂದ ಹೊರಗೆ ಬಂದು ಕಣ್ಣಿಗೆ ಕಾಣಲಿ ಎಂದು.

ರಾತ್ರಿ ನಳದ ಕೆಳಗೆ ಹಳೆಯ ಪೇಪರ್ ಹಾಸಿಟ್ಟೆವು. ಬೆಳಿಗ್ಗೆ ನಾನು ಏಳುವ ಮೊದಲೇ ಬಚ್ಚಲಿನಿಂದ ಮನೆಯಾಕೆಯ ದನಿ ಕೇಳಿತು: "ರೀ, ಒಣಾ ಪೇಪರ್ ಇಲ್ಲಿ ಯಾಕ ಹಾಸೀರಿ?"