ಆಯ್ದ ಅಕ್ಕಿಯ ಅಳತೆ





ಕಳೆದ ಮಾಸಿಕ ಶಿವಾನುಭವ ಗೋಷ್ಠಿ ಮುಗಿದು ಪ್ರಸಾದವಾದ ಮೇಲೆ ಯಲಹಂಕದ ಕಡೆಯ ಯುವಕನೊಬ್ಬನು ನನ್ನ ಪಕ್ಕದಲ್ಲಿ ಬಂದು ಕುಳಿತನು. ಅವನದು ಮಾರಾಟ ಪ್ರತಿನಿಧಿಯ ಕೆಲಸ. ಅವನಿಗೆ ಎರಡು ಅವಕಾಶಗಳು ಒಂದೇ ವಾರದಲ್ಲಿ ಬಂದಿದ್ದವು. ಒಂದರಲ್ಲಿ ಸಂಬಳ ಹೆಚ್ಚು, ಹುದ್ದೆ ಮಾತ್ರ ಇದ್ದಲ್ಲಿಯೇ. ಇನ್ನೊಂದರಲ್ಲಿ ಸಂಬಳ ಕಡಿಮೆ, ಆದರೆ ಎರಡು ವರ್ಷದೊಳಗೆ ಮ್ಯಾನೇಜರ್ ಮಾಡುವ ಭರವಸೆ. "ಅಣ್ಣಾ, ಯಾವುದನ್ನು ಹಿಡಿಯಲಿ?" ಎಂದು ಕೇಳಿದನು. ಆ ದಿನ ನಾನು ಉತ್ತರ ಕೊಡಲಿಲ್ಲ. ಇದೇ ಪ್ರಶ್ನೆಯನ್ನು ನಾನೂ ಒಮ್ಮೆ ಎದುರಿಸಿದ್ದೆನು. ಅದಕ್ಕೆ ಕೊಟ್ಟ ಉತ್ತರದಲ್ಲಿ ಅರ್ಧ ತಪ್ಪಿದ್ದೆನು. ಅದನ್ನು ಮುಚ್ಚಿಟ್ಟು ಉಪದೇಶ ಮಾಡುವುದು ಸರಿಯಲ್ಲವೆಂದು ಈ ಬರಹ.

ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಕಥೆಯನ್ನು ನಾವೆಲ್ಲರೂ ಬಲ್ಲೆವು. ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಈ ಶರಣರು ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದರು. ಒಂದು ದಿನ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮ ಸಂತೋಷಪಡಲಿಲ್ಲ. ಅತಿಯಾಸೆ ಶಿವಭಕ್ತರಿಗೆ ಸಲ್ಲದೆಂದು ಹೇಳಿ, ಹೆಚ್ಚಾದುದನ್ನು ತಂದಲ್ಲಿಯೇ ಹಾಕಿ ಬರುವಂತೆ ಪತಿಯನ್ನು ಹಿಂದಕ್ಕೆ ಕಳುಹಿಸಿದಳು. ಆ ಅಕ್ಕಿ ಕದ್ದುದಲ್ಲ, ಮೋಸದಿಂದ ಪಡೆದುದಲ್ಲ. ಆದರೂ ಲಕ್ಕಮ್ಮನ ಕಣ್ಣಿಗೆ ಅದು ತಮ್ಮದಲ್ಲದ ಅಕ್ಕಿ, ಏಕೆಂದರೆ ಆ ದಿನದ ಅಗತ್ಯದ ಅಳತೆಯನ್ನು ಅದು ಮೀರಿತ್ತು.

ಈಗ ನನ್ನ ವಿಷಯ. 2008ರ ಮಾತು. ಆ ವರ್ಷದ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾಯಿತು. ಬಳ್ಳಾರಿ ರಸ್ತೆಯ ಎರಡೂ ಬದಿಯಲ್ಲಿ ಹೊಸ ಬಡಾವಣೆಗಳು ಏಳುತ್ತಿದ್ದವು, ಬಡಾವಣೆಗೊಂದರಂತೆ ಹೊಸ ಅಂಗಡಿಗಳೂ ತೆರೆಯುತ್ತಿದ್ದವು. ನಾನು ಬಿಸ್ಕತ್ತು ಮತ್ತು ತಿಂಡಿ ಪದಾರ್ಥಗಳ ಕಂಪನಿಯೊಂದರ ಮಾರಾಟ ಪ್ರತಿನಿಧಿಯಾಗಿ ಯಶವಂತಪುರ, ಆರ್.ಟಿ. ನಗರ, ಹೆಬ್ಬಾಳ, ಯಲಹಂಕಗಳ ಅಂಗಡಿಗಳನ್ನು ದ್ವಿಚಕ್ರ ವಾಹನದಲ್ಲಿ ಸುತ್ತುತ್ತಿದ್ದೆನು. ಯಲಹಂಕ ಉಪನಗರದಲ್ಲಿ ಬಾಡಿಗೆ ಮನೆ. ಇಬ್ಬರು ಮಕ್ಕಳು, ವಯಸ್ಸಾದ ತಾಯಿ. ಸಂಬಳ ಹದಿನಾಲ್ಕು ಸಾವಿರ.

ಆಗ ಬೇರೊಂದು ಕಂಪನಿಯವರು ತಿಂಗಳಿಗೆ ಇಪ್ಪತ್ತೆರಡು ಸಾವಿರ ಎಂದರು. ಇದನ್ನು ಕೇಳಿದ ನನ್ನ ಕಂಪನಿಯವರು, "ಹದಿನಾರು ಕೊಡುತ್ತೇವೆ, ಎರಡು ವರ್ಷದಲ್ಲಿ ಏರಿಯಾ ಮ್ಯಾನೇಜರ್ ಮಾಡುತ್ತೇವೆ, ಸದ್ಯಕ್ಕೆ ಆರು ಹುಡುಗರನ್ನು ನೋಡಿಕೊಳ್ಳಿ" ಎಂದರು.

ರಾತ್ರಿ ಮನೆಯಲ್ಲಿ ಎರಡೂ ಪತ್ರಗಳನ್ನು ಹರಡಿಕೊಂಡು ಕುಳಿತಾಗ ನನ್ನ ಧರ್ಮಪತ್ನಿ ಕೇಳಿದ ಮೊದಲ ಮಾತು ಇದು: "ಅದಿರಲಿ ರೀ, ನಮಗೆ ತಿಂಗಳಿಗೆ ಎಷ್ಟು ಬೇಕು?" ಮದುವೆಯಾಗಿ ಒಂಬತ್ತು ವರ್ಷವಾಗಿದ್ದರೂ ನಾವು ಅದನ್ನು ಎಂದೂ ಲೆಕ್ಕ ಹಾಕಿರಲಿಲ್ಲ. ಬಾಡಿಗೆ, ಶಾಲೆಯ ಶುಲ್ಕ, ಅಮ್ಮನ ಔಷಧಿ, ದಿನಸಿ, ಊರಿನ ಹಬ್ಬ, ಮಠದ ದಾಸೋಹಕ್ಕೆ ಸಲ್ಲಿಸುವ ಕಾಣಿಕೆ ಎಲ್ಲ ಸೇರಿ ಹದಿನೈದು ಸಾವಿರದ ಹತ್ತಿರ ಬಂದಿತು. ಆಕೆ ಲಕ್ಕಮ್ಮನ ವಚನಗಳನ್ನು ಓದಿದವಳಲ್ಲ. ಆದರೆ ಕೇಳಿದ್ದು ಲಕ್ಕಮ್ಮನ ಪ್ರಶ್ನೆಯನ್ನೇ.

ಅನಂತರ ಪತ್ರಗಳನ್ನು ಸರಿಯಾಗಿ ಓದಿದೆವು. ಇಪ್ಪತ್ತೆರಡು ಸಾವಿರದಲ್ಲಿ ಮೂಲವೇತನ ಐದು ಸಾವಿರ ಮಾತ್ರ. ಬಹುಪಾಲು ಮಾರಾಟದ ಗುರಿ ಮುಟ್ಟಿದರೆ ಬರುವ ಇನ್ಸೆಂಟಿವ್. ಹದಿನಾರು ಸಾವಿರದಲ್ಲಿ ಮೂಲವೇತನ ಎಂಟು ಸಾವಿರ. ಇದು ಸಣ್ಣ ವ್ಯತ್ಯಾಸವಲ್ಲ. ಆಗ ಜಾರಿಯಲ್ಲಿದ್ದ 1972ರ ಗ್ರಾಚ್ಯುಟಿ ಕಾಯ್ದೆಯಂತೆ, ಐದು ವರ್ಷ ಸತತ ಸೇವೆ ಸಲ್ಲಿಸಿದವರಿಗೆ ಸೇವೆಯ ಪ್ರತಿ ವರ್ಷಕ್ಕೆ ಹದಿನೈದು ದಿನದ ವೇತನ ಸಲ್ಲಬೇಕು. ತಿಂಗಳನ್ನು 26 ದಿನವೆಂದು ಎಣಿಸಬೇಕು. ಆದರೆ ಆ ವೇತನವೆಂದರೆ ಮೂಲವೇತನ ಮತ್ತು ತುಟ್ಟಿಭತ್ಯೆ. ಕಮಿಷನ್ ಅದರಲ್ಲಿ ಸೇರದು. ಹತ್ತು ವರ್ಷಕ್ಕೆ ಐದು ಸಾವಿರದ ಮೇಲೆ 28,846 ರೂಪಾಯಿ. ಎಂಟು ಸಾವಿರದ ಮೇಲೆ 46,154. ದೊಡ್ಡದಾಗಿ ಕಂಡ ಸಂಬಳ ಈ ಲೆಕ್ಕದಲ್ಲಿ ಚಿಕ್ಕದಾಗಿತ್ತು. (2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ವೇತನದ ವ್ಯಾಖ್ಯೆಯನ್ನು ಬದಲಿಸಿವೆ. ಲೆಕ್ಕದಿಂದ ಹೊರಗಿಡುವ ಭತ್ಯೆ, ಕಮಿಷನ್ ಮೊದಲಾದವು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ, ಮೀರಿದ ಭಾಗವನ್ನು ವೇತನವೆಂದೇ ಎಣಿಸಬೇಕು. ಯುವಕರು ಇದನ್ನು ತಿಳಿದಿರಬೇಕು.)

ಹೀಗೆ ನಾನು ಕಡಿಮೆ ಸಂಬಳದ ಕೆಲಸವನ್ನೇ ಉಳಿಸಿಕೊಂಡೆನು. ಹಣದ ಆಸೆಯನ್ನು ಗೆದ್ದೆನೆಂದು ಒಳಗೊಳಗೇ ಹೆಮ್ಮೆಪಟ್ಟೆನು. ಅರ್ಧ ತಪ್ಪಿದೆನೆಂದು ಹೇಳಿದ್ದು ಇಲ್ಲಿಯೇ. ಹೆಚ್ಚಿನ ಅಕ್ಕಿ ಜೋಳಿಗೆಯಲ್ಲಿದ್ದರೆ ಕಣ್ಣಿಗೆ ಕಾಣುತ್ತದೆ, ಹೆಂಡತಿಯೂ ಕೇಳುತ್ತಾಳೆ. ಹುದ್ದೆಯ ಆಸೆ ಹಾಗೆ ಕಾಣುವುದಿಲ್ಲ. ಅದು ಶ್ರದ್ಧೆಯ ವೇಷದಲ್ಲಿ ಬರುತ್ತದೆ.

2009ರ ಮಾರ್ಚ್ ತಿಂಗಳು, ವರ್ಷದ ಲೆಕ್ಕ ಮುಗಿಯುವ ಕಾಲ. ಗುರಿ ಮುಟ್ಟಲು ಇನ್ನೂ ಬಹಳ ಉಳಿದಿತ್ತು. ಮ್ಯಾನೇಜರ್ ಹುದ್ದೆ ನನ್ನ ಕಣ್ಣ ಮುಂದೆ ಕುಣಿಯುತ್ತಿತ್ತು. ಆರೂ ಹುಡುಗರನ್ನು ಕರೆದು, ಪ್ರತಿ ಅಂಗಡಿಗೂ ಹೇಗಾದರೂ ಮಾಡಿ ಇನ್ನೆರಡು ಪೆಟ್ಟಿಗೆ ಇಳಿಸಿ ಬನ್ನಿರೆಂದೆನು. ಅವರು ಇಳಿಸಿದರು. ಗುರಿ ಮುಟ್ಟಿತು. ಮೇಲಿನವರು ಬೆನ್ನು ತಟ್ಟಿದರು.

ಜೂನ್ ತಿಂಗಳಲ್ಲಿ ಆರ್.ಟಿ. ನಗರದ ಒಂದು ಚಿಕ್ಕ ಅಂಗಡಿಗೆ ಹೋದೆನು. ಗಂಡನನ್ನು ಕಳೆದುಕೊಂಡ ಹಿರಿಯ ತಾಯಿಯೊಬ್ಬರು ನಡೆಸುತ್ತಿದ್ದ ಅಂಗಡಿಯದು. ಮಾರ್ಚಿಯಲ್ಲಿ ಇಳಿಸಿದ ಪೆಟ್ಟಿಗೆಗಳನ್ನು ಅವರು ಒಡೆದೇ ಇರಲಿಲ್ಲ. ದಿನಾಂಕ ಮೀರಲು ಒಂದೇ ವಾರ ಉಳಿದಿತ್ತು. "ಸ್ಕೀಮ್ ಇದೆ ಅಂತ ನಿಮ್ಮ ಹುಡುಗ ಹೇಳಿದ, ನಂಬಿ ಹಾಕಿಸಿಕೊಂಡೆ ಸ್ವಾಮಿ. ಈಗ ಇದನ್ನ ಯಾರು ತಿನ್ನಬೇಕು?" ಎಂದರು. ಕೋಪದಿಂದ ಕೇಳಲಿಲ್ಲ. ನನ್ನ ಹಣೆಯ ಮೇಲಿದ್ದ ವಿಭೂತಿಯನ್ನು ನೋಡುತ್ತ ಕೇಳಿದರು. ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ್ದ ಅಕ್ಕಿಯಿಂದ ಯಾರಿಗೂ ನಷ್ಟವಿರಲಿಲ್ಲ. ನಾನು ಆಯ್ದ ಅಕ್ಕಿ ಈ ತಾಯಿಯ ಡಬ್ಬದಿಂದ ಬಂದಿತ್ತು.

ವ್ಯಾಪಾರ ಹೀನವೆಂದು ಶರಣರು ಹೇಳಲಿಲ್ಲ. ಸೌರಾಷ್ಟ್ರದಿಂದ ವ್ಯಾಪಾರಕ್ಕೆಂದು ಪುಲಿಗೆರೆಗೆ, ಇಂದಿನ ಲಕ್ಷ್ಮೇಶ್ವರಕ್ಕೆ, ಬಂದ ಆದಯ್ಯನವರು ನಮ್ಮ ಹಿರಿಯ ಶರಣರಲ್ಲಿ ಒಬ್ಬರು. ಮಾರುವುದು ಕಾಯಕವೇ ಸರಿ. ಆದರೆ ಕೊಂಡವನಿಗೆ ಬೇಡವಾದುದನ್ನು ಅವನ ತಲೆಗೆ ಕಟ್ಟಿದಾಗ ಅದು ಕಾಯಕವಾಗಿ ಉಳಿಯುವುದಿಲ್ಲ.

ಸರಕನ್ನು ಹಿಂದಕ್ಕೆ ಪಡೆಯಲು ಕಂಪನಿಯ ನಿಯಮ ಒಪ್ಪಲಿಲ್ಲ. ಆ ತಾಯಿಯದೂ ಸೇರಿ ಒಂಬತ್ತು ಅಂಗಡಿಗಳ ಪೆಟ್ಟಿಗೆಗಳನ್ನು ಎತ್ತಿಸಿ, ಮಾರ್ಚಿಯ ಗುರಿಗಾಗಿ ಬಂದಿದ್ದ ಬಹುಮಾನದ ಹಣದಿಂದ ಬೆಲೆ ತೀರಿಸಿದೆನು. ಸಾಲದ್ದಕ್ಕೆ ಪತ್ನಿಯ ಉಳಿತಾಯದ ಮೂರು ಸಾವಿರ ಸೇರಿತು. ಇನ್ನು ಮುಂದೆ ತಿಂಗಳ ಕೊನೆಯಲ್ಲಿ ಅಂಗಡಿಯ ಸರಕು ಖರ್ಚಾಗದೆ ಹೊಸದನ್ನು ಇಳಿಸಬಾರದೆಂದು ಹುಡುಗರಿಗೆ ಹೇಳಿದೆನು. ಮುಂದಿನ ವರ್ಷ ಗುರಿ ತಪ್ಪಿತು. ಎರಡು ವರ್ಷದಲ್ಲಿ ಬರಬೇಕಾಗಿದ್ದ ಹುದ್ದೆ ಐದನೆಯ ವರ್ಷಕ್ಕೆ ಬಂದಿತು. ನನ್ನ ಕೈಕೆಳಗೆ ಕೆಲಸ ಕಲಿತವನೊಬ್ಬ ನನಗಿಂತ ಮೊದಲೇ ಮೇಲೇರಿದನು. ಅದರಿಂದ ನೋವಾಗಲಿಲ್ಲವೆಂದರೆ ಸುಳ್ಳಾದೀತು. ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕುಳಿತಾಗಲೂ ಅವನ ಹೆಸರು ಮನಸ್ಸಿಗೆ ಬರುತ್ತಿದ್ದ ದಿನಗಳಿದ್ದವು.

ಈಗ ಆ ತಮ್ಮನಿಗೆ ನನ್ನ ಉತ್ತರ. ಅಪ್ಪಾ, ಸಂಬಳವೋ ಹುದ್ದೆಯೋ ಎಂದು ಕೇಳುವ ಮೊದಲು ಮನೆಯವರೊಡನೆ ಕುಳಿತು ನಿಮ್ಮ ಅಳತೆಯನ್ನು ತಿಳಿದುಕೋ. ಅಗತ್ಯವೇ ಹೆಚ್ಚಿದ್ದರೆ, ಸಾಲವೋ ಕಾಯಿಲೆಯೋ ಮನೆಯಲ್ಲಿದ್ದರೆ, ಹೆಚ್ಚು ಸಂಬಳ ಹಿಡಿಯುವುದು ದುರಾಸೆಯಲ್ಲ. ಆದರೆ ಅದರಲ್ಲಿ ಖಚಿತವಾಗಿ ಬರುವುದೆಷ್ಟು ಎಂದು ಕೇಳು. ಹುದ್ದೆಯ ಭರವಸೆಯಾದರೆ ಅದು ಬರಹದಲ್ಲಿದೆಯೇ ಎಂದು ನೋಡು. ಎರಡು ಕಡೆಯಲ್ಲಿಯೂ ಇನ್ನೊಂದು ಪ್ರಶ್ನೆಯನ್ನು ತಪ್ಪದೆ ಕೇಳು: ಮಾರಾಟವಾಗದೆ ಉಳಿದ ಸರಕು ಯಾರ ಪಾಲಿಗೆ? ಅದಕ್ಕೆ ನೇರವಾಗಿ ಉತ್ತರಿಸುವವರ ಬಳಿ ಕೆಲಸ ಮಾಡು.

ಆರ್.ಟಿ. ನಗರದ ಆ ಅಂಗಡಿಯನ್ನು ಈಗ ಆ ತಾಯಿಯ ಮಗ ನಡೆಸುತ್ತಾನೆ. ಆ ಕಡೆ ಹೋದಾಗಲೆಲ್ಲ ನಾನು ಒಳಗೆ ಹೋಗಿ ಮಾತನಾಡಿಸಿ ಬರುತ್ತೇನೆ.