ಮೀನಂಗಡಿಯ ನೀರು ಎಲ್ಲಿಗೆ ಹೋಗುತ್ತದೆ

ಬೆಳಿಗ್ಗೆ ಆರೂವರೆ. 2025ರ ಅಕ್ಟೋಬರ್ ಮುಗಿಯುತ್ತಾ ಬಂದಿದೆ. ಶಿವಾಜಿನಗರ ಬಸ್ ನಿಲ್ದಾಣದಲ್ಲಿ ಇಳಿದು ನೀವು ರಸೆಲ್ ಮಾರ್ಕೆಟ್ ಕಡೆ ಹೊರಟಿದ್ದೀರಿ. ರಾತ್ರಿ ಬಿದ್ದ ಮಳೆಗೆ ನೆಲ ಇನ್ನೂ ಒದ್ದೆ. ಕೊತ್ತಂಬರಿ ಕಟ್ಟು ಇಳಿಸುತ್ತಿರುವ ಟೆಂಪೊ ರಸ್ತೆಗೆ ಅಡ್ಡ ನಿಂತಿದೆ, ಅದರ ಹಿಂದೆ ಆಟೊಗಳು ಒಂದೇ ಸಮ ಹಾರನ್ ಹೊಡೆಯುತ್ತಿವೆ. ತಲೆ ಮೇಲೆ ಮೂಟೆ ಹೊತ್ತವನೊಬ್ಬ ಕನ್ನಡದಲ್ಲಿ ಒಮ್ಮೆ, ತಮಿಳಿನಲ್ಲಿ ಒಮ್ಮೆ, ದಖ್ನಿಯಲ್ಲಿ ಒಮ್ಮೆ ದಾರಿ ಕೇಳಿ ನಿಮ್ಮ ಭುಜ ತಳ್ಳಿಕೊಂಡೇ ಹೋಗುತ್ತಾನೆ.

ಮೀನಂಗಡಿಗಳ ಸಾಲಿಗೆ ಬನ್ನಿ. ಹುಡುಗನೊಬ್ಬ ಕಬ್ಬಿಣದ ಸಲಾಕೆಯಿಂದ ಐಸಿನ ಗಡ್ಡೆ ಒಡೆಯುತ್ತಿದ್ದಾನೆ. ಪಕ್ಕದ ಥರ್ಮೊಕೋಲ್ ಪೆಟ್ಟಿಗೆಯಲ್ಲಿ ಬಂಗುಡೆ, ಅದರಾಚೆ ಕಾಟ್ಲಾ. ಪೆಟ್ಟಿಗೆಯ ಮೂಲೆಯಿಂದ ನೀರು ಸೋರುತ್ತಿದೆ. ತಿಳಿಗೆಂಪು ಬಣ್ಣದ ಆ ನೀರಲ್ಲಿ ನಾಲ್ಕಾರು ಹುರುಪೆ ತೇಲುತ್ತಿವೆ. ಕಲ್ಲಿನ ಸಂದಿ ಹಿಡಿದು ಹರಿದು, ನಿಮ್ಮ ಚಪ್ಪಲಿಯ ಅಂಚು ಸವರಿ, ಅದು ಮೋರಿಗೆ ಬೀಳುತ್ತದೆ. ಮಾರುಕಟ್ಟೆಯಲ್ಲಿ ಯಾರೂ ತಿರುಗಿ ನೋಡದ ಸರಕು ಇದೊಂದೇ. ಇವತ್ತು ನೀವು ಹಿಂಬಾಲಿಸುವುದು ಇದನ್ನೇ.

ನಿಂತಿರುವ ಜಾಗ ಯಾರದು ಎಂದು ಮೊದಲು ತಿಳಿದುಕೊಳ್ಳಿ. 2025ರ ಸೆಪ್ಟೆಂಬರ್ 2ರಿಂದ ಇದು ಬೆಂಗಳೂರು ಕೇಂದ್ರ ನಗರ ಪಾಲಿಕೆ. ಆ ದಿನ ಇಡೀ ಊರಿನ ಪಾಲಿಕೆಯಾಗಿದ್ದ ಬಿಬಿಎಂಪಿ ಕಣ್ಮುಚ್ಚಿತು. ಕೇಂದ್ರ, ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಎಂದು ಐದು ಪಾಲಿಕೆ ಹುಟ್ಟಿದವು. ಐದಕ್ಕೂ ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಎಲ್ಲರ ಬಾಯಲ್ಲಿ ಜಿಬಿಎ. ಮಾರುಕಟ್ಟೆಯಿಂದ ಉತ್ತರಕ್ಕೆ ನಡೆದು ದಂಡಿನ ರೈಲು ಹಳಿ ದಾಟಿದರೆ ಫ್ರೇಜರ್ ಟೌನ್. ಅದು ಉತ್ತರ ಪಾಲಿಕೆ. ಕಾಕ್ಸ್ ಟೌನೂ ಅಷ್ಟೆ. ಒಂದೇ ಬೇಕರಿಯ ಬನ್ನು ತಿಂದು ಬೆಳೆದ ದಂಡು ಪ್ರದೇಶ ಈಗ ಎರಡು ಮನೆ.

ಇದನ್ನು ಕೇಳಿ ತಲೆ ಚಚ್ಚಿಕೊಳ್ಳುವವರಿದ್ದಾರೆ. ನನಗೇನೂ ಅಷ್ಟು ಗಾಬರಿಯಿಲ್ಲ, ಏಕೆಂದರೆ ಬೆಂಗಳೂರು ಒಂದೇ ಪಾಲಿಕೆಯ ಊರಾಗಿದ್ದದ್ದೇ ಈಚೆಗೆ. 1862ರಲ್ಲಿ ಪೇಟೆಗೊಂದು, ದಂಡಿಗೊಂದು ಎಂದು ಎರಡು ಪುರಸಭೆಗಳಾದವು. 1881ರಲ್ಲಿ ಮೈಸೂರು ರಾಜ್ಯ ಒಡೆಯರ ಕೈಗೆ ಮರಳಿದರೂ ದಂಡು ಮರಳಲಿಲ್ಲ. ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂಬ ಹೆಸರಲ್ಲಿ ಬ್ರಿಟಿಷ್ ರೆಸಿಡೆಂಟನ ಅಡಿಯಲ್ಲೇ ಉಳಿಯಿತು. ನಡುವೆ ಕಬ್ಬನ್ ಪಾರ್ಕು. ಈ ಕಡೆಗೆ ಒಂದು ಸರ್ಕಾರ, ಆ ಕಡೆಗೆ ಇನ್ನೊಂದು. ಆದರೆ 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳಾಯಿ ನೀರು ತರುವ ಹೊತ್ತಿಗೆ ಎರಡೂ ಒಂದೇ ಕೆರೆಗೆ ಬಾಯೊಡ್ಡಬೇಕಾಯಿತು. 1898ರಲ್ಲಿ ಪ್ಲೇಗು ಬಂದಾಗ ಅದೂ ಯಾವ ಪುರಸಭೆ ಎಂದು ಕೇಳಲಿಲ್ಲ. ಎರಡೂ ಕಡೆ ಹೊಸ ಬಡಾವಣೆಗಳೆದ್ದವು: ಪೇಟೆಗೆ ಬಸವನಗುಡಿ, ಮಲ್ಲೇಶ್ವರ, ದಂಡಿಗೆ ಫ್ರೇಜರ್ ಟೌನ್. ದಂಡು ಮೈಸೂರಿಗೆ ಮರಳಿದ್ದು 1947ರ ಜುಲೈನಲ್ಲಿ. ಎರಡು ಪುರಸಭೆ ಸೇರಿ ಒಂದೇ ಕಾರ್ಪೊರೇಷನ್ ಆದದ್ದು 1949ರಲ್ಲಿ.

ನಮ್ಮ ನೀರು ಮುಂದೆ ಹೋಗಿಬಿಟ್ಟಿದೆ. ನಡೆಯಿರಿ.

ಕಾಮರಾಜ ರಸ್ತೆ ದಾಟಿ ಪೂರ್ವಕ್ಕೆ ಇಳಿಯುತ್ತಾ ಹೋದಂತೆ ಮೋರಿ ಅಗಲವಾಗುತ್ತದೆ, ಆಳವಾಗುತ್ತದೆ, ರಾಜಕಾಲುವೆಯಾಗುತ್ತದೆ. ಕಣ್ಣಿಗೆ ಕಾಣುವುದಕ್ಕಿಂತ ಮೂಗಿಗೆ ಸಿಗುವುದೇ ಮೊದಲು. ಮಳೆನೀರಿಗೆಂದು ಮಾಡಿದ ಕಾಲುವೆಯಲ್ಲಿ ಮನೆಗಳ ಕೊಳಚೆಯೂ ಹರಿಯುತ್ತಿದೆ. ಕಾಲುವೆ ಪಾಲಿಕೆಯದು, ಕೊಳಚೆ ಪೈಪು 1964ರಿಂದ ಇರುವ ಜಲಮಂಡಳಿಯದು. ಎರಡೂ ಬೆರೆತ ಮೇಲೆ ಯಾರದೆಂದು ಹೇಳುವುದು ಕಷ್ಟ.

ಹಲಸೂರು ಕೆರೆ. ಮಂಜು ಇನ್ನೂ ಏಳುತ್ತಿದೆ. ನಡುಗಡ್ಡೆಗಳ ಮರಗಳ ಮೇಲೆ ನೀರುಕಾಗೆಗಳು ರೆಕ್ಕೆ ಹರವಿ ಕೂತಿವೆ. ಆಚೆ ದಡದಲ್ಲಿ ಗುರುದ್ವಾರದ ಬಿಳಿ ಗುಮ್ಮಟ; ಈಚೆಗೆ ಸೇನೆಯ ಎಂಇಜಿ (ಮದ್ರಾಸ್ ಸ್ಯಾಪರ್ಸ್) ಬೇಲಿ. ಟ್ರ್ಯಾಕ್ ಪ್ಯಾಂಟ್ ಹಾಕಿ ಕೈ ಬೀಸುತ್ತಾ ಹೋಗುತ್ತಿದ್ದ ಅಜ್ಜ ಒಬ್ಬರು ನಿಮ್ಮನ್ನು ನೋಡಿ ನಿಲ್ಲುತ್ತಾರೆ.

"ಫೋಟೋ ತೆಗೀತಿದೀರಾ? ಈ ಕಡೆ ಬನ್ನಿ, ನೀರು ಬರೋ ಬಾಯಿ ಇಲ್ಲಿದೆ. ಎಲ್ಲಾರೂ ಆ ಕಡೆ ಚೆಂದ ಇರೋದನ್ನೇ ತೆಗೀತಾರೆ."

ಬಾಯಿಗೆ ಕಬ್ಬಿಣದ ಜಾಲರಿ. ಜಾಲರಿಗೆ ಸಿಕ್ಕಿಕೊಂಡದ್ದು: ತಲೆದಿಂಬು, ನೀರಿನ ಬಾಟಲಿಗಳು, ಚೆಂಡುಹೂವಿನ ಹಾರ, ಒಂದು ಹವಾಯಿ ಚಪ್ಪಲಿ, ಥರ್ಮೊಕೋಲ್ ಚೂರು. ಜಾಲರಿ ಇದನ್ನೆಲ್ಲ ತಡೆಯುತ್ತದೆ. ಕರಗಿ ಬಂದದ್ದನ್ನು ತಡೆಯುವುದಿಲ್ಲ. 2016ರ ಮಾರ್ಚಿನಲ್ಲಿ ಇದೇ ದಡದಲ್ಲಿ ಸಾವಿರಾರು ಮೀನು ಸತ್ತು ಬೆಳ್ಳಗೆ ತೇಲಿದ್ದವು.

"ಆವಾಗ ಎಲ್ಲಾ ಆಫೀಸಿನೋರೂ ಬಂದಿದ್ರು. ಒಟ್ಟಿಗೆ ಬಂದಿದ್ದು ಅದೊಂದೇ ಸಲ ನೋಡಿದ್ದು ನಾನು," ಎನ್ನುತ್ತಾ ಅವರು ಮತ್ತೆ ಕೈ ಬೀಸಲು ಶುರುಮಾಡುತ್ತಾರೆ.

ಕೆರೆಯಿಂದ ಹೊರಬಿದ್ದ ನೀರು ಹಲಸೂರಿನ ಬೆನ್ನ ಹಿಂದೆ ದೊಮ್ಮಲೂರು ಕಡೆ ಇಳಿಯುತ್ತದೆ. ಆ ಜಾಡು ಹಿಡಿಯುವ ಮುನ್ನ ಒಂದು ಗಳಿಗೆ ಮರ್ಫಿ ಟೌನ್ ಗಲ್ಲಿಗಳೊಳಗೆ ಸುತ್ತಿ ಬನ್ನಿ. ದಂಡಿನ ಎಂಜಿನಿಯರ್ ಮರ್ಫಿಯ ಹೆಸರು ಹೊತ್ತ ಈ ಕೇರಿ ಬಡವರಿಗೆಂದೇ ಕಟ್ಟಿದ್ದು. ಚಿಕ್ಕ ಮನೆಗಳು, ನೇರ ಸಾಲು, ಮನೆ ಮುಂದೆ ಗಾಳಿ ಬೆಳಕಿಗಷ್ಟು ಜಾಗ. ಈಗ ಅದರ ಮೇಲೆ ಮಹಡಿ, ಮಹಡಿ ಮೇಲೆ ಶೀಟು. ಮೂಲ ಮನೆ ಹುಡುಕಿದರೆ ಸಿಗುತ್ತದೆ: ತಗ್ಗಾದ ಹೆಂಚಿನ ಮಾಡು, ಬಾಗಿಲಲ್ಲಿ ರಂಗೋಲಿ ಬಿಡಿಸುತ್ತಿರುವ ಹೆಂಗಸು. ಬಡವರ ಮನೆಯೂ ಮೋರಿಯೂ ಒಂದೇ ಕಚೇರಿಯ ಕೆಲಸ ಎಂದು ಆಗಿನ ಪುರಸಭೆ ಅಂದುಕೊಂಡಿತ್ತು. ಈಗ ಕೊಳೆಗೇರಿಗೊಂದು ಮಂಡಳಿ, ಸೈಟಿಗೊಂದು ಪ್ರಾಧಿಕಾರ, ಪೈಪಿಗೊಂದು, ಕರೆಂಟಿಗೊಂದು.

ನೀರು ಸದ್ಯಕ್ಕೆ ತನ್ನ ದಾರಿ ಹಿಡಿಯಲಿ, ನೀವು ಹಲಸೂರು ನಿಲ್ದಾಣದಲ್ಲಿ ನೇರಳೆ ಮೆಟ್ರೊ ಹತ್ತಿ. ಇಂದಿರಾನಗರ ಕಿಟಕಿಯಲ್ಲಿ ಸರಿದು ಹೋಗುತ್ತದೆ. ಬಿಡಿಎ ಹಾಕಿದ ಬಡಾವಣೆ, ನೂರಡಿ ರಸ್ತೆ, ಮನೆಗಳಿಗಿಂತ ಹೋಟೆಲುಗಳೇ ಜಾಸ್ತಿ. ಅದರ ಬಗ್ಗೆ ಬರೆಯುವವರು ಸಾಕಷ್ಟು ಜನ ಇದ್ದಾರೆ. ಬೆನ್ನಿಗಾನಹಳ್ಳಿ ಹತ್ತಿರ ಬಂದಾಗ ಮಾತ್ರ ಎದ್ದು ಬಾಗಿಲ ಬಳಿ ನಿಲ್ಲಿ. ಕೆಳಗೆ ರೈಲು ಹಳಿ, ಅದರ ಮೇಲೆ ಉಕ್ಕಿನ ಸೇತುವೆ. 2023ರ ಮಾರ್ಚ್ 25ರಂದು ವೈಟ್‌ಫೀಲ್ಡ್‌ನಿಂದ ಕೆ.ಆರ್. ಪುರದವರೆಗೆ ಮೆಟ್ರೊ ಓಡಿತು. ಈ ಕಡೆ ಬೈಯಪ್ಪನಹಳ್ಳಿವರೆಗೆ 2011ರಿಂದಲೇ ಇತ್ತು. ನಡುವಿನ ಎರಡು ಕಿಲೋಮೀಟರ್ ಕೂಡಿದ್ದು ಅದೇ ವರ್ಷ ಅಕ್ಟೋಬರ್ 9ಕ್ಕೆ. ಅಷ್ಟು ತಿಂಗಳು ಜನ ಒಂದು ಮೆಟ್ರೊ ಇಳಿದು, ಬಸ್ಸು ಹಿಡಿದು, ಇನ್ನೊಂದು ಮೆಟ್ರೊ ಹತ್ತಿದರು. ರೈಲ್ವೆ ಹಳಿಯ ಮೇಲೆ ಗರ್ಡರ್ ಕೂರಿಸುವುದೆಂದರೆ ಎರಡು ಇಲಾಖೆಗಳ ಕ್ಯಾಲೆಂಡರ್ ಹೊಂದಿಸುವುದು.

ಇಂಥ ಹೊಂದಾಣಿಕೆಗೆಂದೇ ಜಿಬಿಎ ಎನ್ನುತ್ತದೆ ಹೊಸ ಕಾಯಿದೆ. ಮುಖ್ಯಮಂತ್ರಿ ಅಧ್ಯಕ್ಷರು, ಬೆಂಗಳೂರು ಅಭಿವೃದ್ಧಿ ಸಚಿವರು ಉಪಾಧ್ಯಕ್ಷರು. ಸಚಿವರು, ಶಾಸಕರು, ಸಂಸದರು, ಬಿಡಿಎ, ಜಲಮಂಡಳಿ, ಬಿಎಂಟಿಸಿ, ಮೆಟ್ರೊ ನಿಗಮ, ಬೆಸ್ಕಾಂ ಮುಖ್ಯಸ್ಥರು ಒಂದೇ ಮೇಜಿಗೆ. ಊರಿನ ಯೋಜನೆ ಮಾಡುವ ಅಧಿಕಾರವೂ ಬಿಡಿಎಯಿಂದ ಈ ಮೇಜಿಗೇ ಬಂದಿದೆ. ನೆನಪಿರಲಿ, ಊರು ಇನ್ನೂ ನಡೆಯುತ್ತಿರುವುದು 2015ಕ್ಕೆಂದು 2007ರಲ್ಲಿ ಒಪ್ಪಿದ ನಕ್ಷೆಯ ಮೇಲೆ. 2031ರ ಕರಡು ಬಂದು, ವಾಪಸ್ಸೂ ಹೋಯಿತು. ಅದೇ ಮೇಜಿನಲ್ಲಿ ಐದು ಮೇಯರ್‌ಗಳಿಗೂ ಜಾಗವಿದೆ, ತಲಾ 30 ತಿಂಗಳ ಅವಧಿ. 2025ರ ಅಕ್ಟೋಬರ್ 10ರಂದು ಮೊದಲ ಸಭೆ ಸೇರಿತು. ಮೇಯರ್‌ಗಳು ಬರಲಿಲ್ಲ, ಯಾಕೆಂದರೆ ಮೇಯರ್‌ಗಳೇ ಇರಲಿಲ್ಲ. ಕೊನೆಯ ಕೌನ್ಸಿಲ್ 2020ರ ಸೆಪ್ಟೆಂಬರ್ 10ಕ್ಕೆ ಮುಗಿದ ಮೇಲೆ ಅಲ್ಲಿಯವರೆಗೆ ಚುನಾವಣೆಯಾಗಿರಲಿಲ್ಲ. 368 ವಾರ್ಡುಗಳ ಕರಡಷ್ಟೇ ಹೊರಬಿದ್ದಿತ್ತು, ಕೇಂದ್ರಕ್ಕೆ 63, ಪೂರ್ವಕ್ಕೆ 50. ಐದು ಪಾಲಿಕೆಗಳು ಕೂಡಿ ಕೆಲಸ ಮಾಡಬೇಕು ಎನ್ನುವ ಮಾತು ಸರಿ. ಆದರೆ ಆ ಹೊತ್ತಿಗೆ ಅದರರ್ಥ, ಸರ್ಕಾರವೇ ನೇಮಿಸಿದ ಐವರು ಆಯುಕ್ತರು ಸರ್ಕಾರದ ಎದುರು ಕೂತು ತಲೆಯಾಡಿಸುವುದು. ಜಗಳವಾಡಲು ಬೇರೆ ಬೇರೆ ಮತದಾರರಿದ್ದರೆ ತಾನೇ ರಾಜಿಗೆ ಬೆಲೆ?

ಮೆಟ್ರೊ ಇಳಿದರೆ ಟಿನ್ ಫ್ಯಾಕ್ಟರಿ ವೃತ್ತ. ಇಲ್ಲೆಲ್ಲೋ ನೀವು ಕೇಂದ್ರ ಪಾಲಿಕೆಯಿಂದ ಪೂರ್ವ ಪಾಲಿಕೆಗೆ ದಾಟಿದಿರಿ. ಗೊತ್ತಾಗಲಿಲ್ಲ ಅಲ್ಲವೇ? ತೂಗುಸೇತುವೆಯ ಕೇಬಲ್ಲುಗಳ ಕೆಳಗೆ ಬಸ್ಸು, ಲಾರಿ, ಬೈಕು, ಹೊಸಕೋಟೆ ಕಡೆಯ ಖಾಸಗಿ ಬಸ್ಸಿನ ಕಂಡಕ್ಟರನ ಕೂಗು. ಪಕ್ಕದಲ್ಲೇ ವಿಮಾನ ನಿಲ್ದಾಣಕ್ಕೆ ಹೋಗುವ ನೀಲಿ ಮಾರ್ಗದ ಕಂಬಗಳು.

ಕೆ.ಆರ್. ಪುರ 2007ರವರೆಗೆ ತನ್ನದೇ ನಗರಸಭೆ ಇದ್ದ ಊರು. ಆ ವರ್ಷ ಏಳು ನಗರಸಭೆ, ಕೆಂಗೇರಿ ಪುರಸಭೆ, 110 ಹಳ್ಳಿಗಳನ್ನು ಒಟ್ಟುಹಾಕಿ ಬಿಬಿಎಂಪಿ ಮಾಡಿದರು. ಸೇರಿಸುವುದು ಸುಲಭವಾಗಿತ್ತು, ಸೇರಿದ ರೆವಿನ್ಯೂ ಸೈಟುಗಳಿಗೆ ಪೂರ್ಣ ಮಾನ್ಯತೆಯ ಕಾಗದ (ಎ ಖಾತಾ) ಕೊಡುವುದು ಕಷ್ಟವಾಯಿತು. ಮಾರ್ಕೆಟ್ ರಸ್ತೆಯ ಬ್ರೌಸಿಂಗ್ ಸೆಂಟರ್ ಒಂದಕ್ಕೆ ಹೋಗಿ ಬೆಂಚಿನ ತುದಿಯಲ್ಲಿ ಕೂರಿ. ನಿಮ್ಮ ಮುಂದಿನವರು ಪ್ಲಾಸ್ಟಿಕ್ ಕವರಿನಿಂದ ಒಂದೊಂದೇ ಕಾಗದ ತೆಗೆಯುತ್ತಿದ್ದಾರೆ: ಕ್ರಯಪತ್ರ, ಇಸಿ, ಕಂದಾಯ ಕಟ್ಟಿದ ರಸೀದಿಗಳು.

"ಅಮ್ಮಾ, ಬಿ ಖಾತಾನ ಎ ಮಾಡ್ಕೊಡ್ತಾರಂತಲ್ಲ, ಅದುಕ್ಕೆ ಹಾಕು."

"ನವೆಂಬರ್ ಒಂದ್ರಿಂದ ಅಂಕಲ್. ಗೈಡೆನ್ಸ್ ವ್ಯಾಲ್ಯೂ ಮೇಲೆ ಐದು ಪರ್ಸೆಂಟ್ ಕಟ್ಟಬೇಕು. ನಿಮ್ಮದು ಇ-ಖಾತಾ ಆಗಿದ್ಯಾ?"

"ಇಪ್ಪತ್ತು ವರ್ಷದಿಂದ ಕಂದಾಯ ಕಟ್ತಿದೀನಲ್ಲಮ್ಮಾ."

"ಅದು ಬೇರೆ ಅಂಕಲ್."

ಕಂದಾಯ ತೆಗೆದುಕೊಳ್ಳುವ ಕೈ ಹಕ್ಕು ಕೊಡುವ ಕೈಯಲ್ಲ. ಇದನ್ನು ಕಂಪ್ಯೂಟರ್ ಮುಂದಿನ ಹುಡುಗಿ ಎರಡೇ ಪದದಲ್ಲಿ ಹೇಳಿಬಿಟ್ಟಳು. ಇದರ ಮೇಲೆ ಇನ್ನೊಂದು ಗಂಟು: 2024ರ ಡಿಸೆಂಬರ್‌ನ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಓಸಿ, ಅಂದರೆ ಸ್ವಾಧೀನ ಪ್ರಮಾಣಪತ್ರ, ಇಲ್ಲದ ಮನೆಗೆ ಕರೆಂಟು, ನೀರಿನ ಸಂಪರ್ಕ ಸಿಗುವುದು ಕಷ್ಟವಾಯಿತು. ಓಸಿ ಕೊಡುವುದು ಪಾಲಿಕೆ, ತಂತಿ ಎಳೆಯುವುದು ಬೆಸ್ಕಾಂ, ತಾತ್ಕಾಲಿಕ ಮೀಟರಿನ ದುಬಾರಿ ಬಿಲ್ಲು ಕಟ್ಟುವುದು ಮನೆಯವರು.

ನಮ್ಮ ಮೀನಂಗಡಿಯ ನೀರು ಏನಾಯಿತು? ಅದು ದಕ್ಷಿಣದ ದಾರಿ ಹಿಡಿದು, ಚಲ್ಲಘಟ್ಟ ಕಣಿವೆ ಇಳಿದು ಬೆಳ್ಳಂದೂರು ಕೆರೆ ಸೇರುತ್ತದೆ. ಅದೂ ಪೂರ್ವ ಪಾಲಿಕೆಯೇ. ಕೇಂದ್ರದವರು ಬಿಟ್ಟದ್ದನ್ನು ಪೂರ್ವದವರು ಹಿಡಿಯುತ್ತಾರೆ. ನೊರೆಯುಕ್ಕಿ ರಸ್ತೆಗೆ ಬಂದದ್ದು, 2015, 2017, 2018ರಲ್ಲಿ ಬೆಂಕಿ ಹೊತ್ತಿಕೊಂಡದ್ದು ಇದೇ ಕೆರೆ. ಆ ಕಣಿವೆಯ ಕೊಳಚೆಯನ್ನು ಶುದ್ಧೀಕರಿಸಿದ ನೀರು 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ ಹೋಗುತ್ತಿದೆ. ಶಿವಾಜಿನಗರದ ಸ್ನಾನದ ನೀರು ಎಷ್ಟು ಚೆನ್ನಾಗಿ ಶುದ್ಧವಾಗುತ್ತದೆ ಎಂಬುದು ಹೀಗೆ ಕೋಲಾರದ ಬೋರ್‌ವೆಲ್ಲಿನ ವಿಷಯವೂ ಆಗಿದೆ. ಆ ಬೋರ್‌ವೆಲ್ಲಿನ ರೈತನಿಗೆ ಬೆಂಗಳೂರಿನ ಯಾವ ವಾರ್ಡಿನಲ್ಲೂ ಓಟಿಲ್ಲ.

ಬೆಳ್ಳಂದೂರಿನ ಕಥೆ ಎಲ್ಲರಿಗೂ ಗೊತ್ತು. ಹಾಗಾಗಿ ಆಟೊ ಹಿಡಿದು ಉತ್ತರಕ್ಕೆ, ಹೊರಮಾವು ಬಳಿಯ ಸಾಯಿ ಲೇಔಟಿಗೆ ಹೋಗೋಣ. ಇಲ್ಲಿ ಕಣಿವೆಯೇ ಬೇರೆ. ಹೆಬ್ಬಾಳ, ನಾಗವಾರ ಕಡೆಯ ಮಳೆ ಗೆದ್ದಲಹಳ್ಳಿಯ ರಾಜಕಾಲುವೆ ಹಿಡಿದು ಕಲ್ಕೆರೆಗೆ ಹೋಗಬೇಕು. ಮಳೆ ಬಿದ್ದದ್ದು ಉತ್ತರ ಪಾಲಿಕೆಯಲ್ಲಿ, ಮುಳುಗುವುದು ಪೂರ್ವ ಪಾಲಿಕೆಯಲ್ಲಿ. 2025ರ ಮೇ ತಿಂಗಳಲ್ಲಿ ಇಲ್ಲಿ ಜನರನ್ನು ಮನೆಗಳಿಂದ ಹೊರಗೆ ತಂದದ್ದು ಟ್ರ್ಯಾಕ್ಟರು, ದೋಣಿಗಳಲ್ಲಿ.

ಕಾಲುವೆಯ ದಡದಲ್ಲಿ ನಿಲ್ಲಿ. ಅಗಲವಾಗಿಯೇ ಬರುವ ಕಾಲುವೆ ರೈಲ್ವೆ ಹಳಿಯ ಏರಿಗೆ ಬಂದು ಮುಟ್ಟುತ್ತದೆ. ಏರಿಯ ಕೆಳಗೆ ನೀರು ನುಗ್ಗಲು ಇರುವ ಕಿಂಡಿಗಳು ಕಿರಿದು. ಬಂದಷ್ಟೂ ನೀರು ಅಲ್ಲಿ ಹೋಗಲಾರದೆ ಹಿಂದಕ್ಕೆ ತಿರುಗಿ ಬಡಾವಣೆಗೆ ನುಗ್ಗುತ್ತದೆ. ಕಾಲುವೆ ಪಾಲಿಕೆಯದು, ಏರಿ ರೈಲ್ವೆಯದು. ಹಳಿಯಡಿ ಪೆಟ್ಟಿಗೆ ತೂರಿಸಿ ಕಿಂಡಿ ಅಗಲಿಸಬೇಕೆಂದರೆ ದೆಹಲಿಯ ಇಲಾಖೆ ಒಪ್ಪಬೇಕು. ಐದಲ್ಲ, ಹತ್ತು ಪಾಲಿಕೆ ಮಾಡಿದರೂ ಈ ಕಿಂಡಿ ಒಂದಿಂಚು ಹಿಗ್ಗುವುದಿಲ್ಲ.

ಎದುರು ಮನೆಯಲ್ಲಿ ಗಾರೆಯವರು ಹೊಸ್ತಿಲು ಎತ್ತರಿಸುತ್ತಿದ್ದಾರೆ. ಗೋಡೆಯ ಮೇಲೆ ಸೊಂಟದ ಮಟ್ಟಕ್ಕೆ ಕಂದು ಗೆರೆ. ಮನೆಯೊಡತಿ ಬಾಣಲಿಗೆ ಮರಳು ತುಂಬಿಕೊಡುತ್ತಾ ನಿಮ್ಮತ್ತ ತಿರುಗುತ್ತಾರೆ.

"ಯಾವ ಪೇಪರ್ನೋರು?"

ಹಾಗೇನಿಲ್ಲ ಎನ್ನುತ್ತೀರಿ. ಮಳೆ ಬಂದರೆ ಯಾರಿಗೆ ಫೋನ್ ಮಾಡುತ್ತೀರಿ ಎಂದು ಕೇಳುತ್ತೀರಿ.

"1533ಕ್ಕೆ ಮಾಡ್ತೀವಿ, ಕಂಪ್ಲೇಂಟ್ ನಂಬರ್ ಕೊಡ್ತಾರೆ. ಅದಕ್ಕೂ ಮುಂಚೆ ನಮ್ಮಕ್ಕಂಗೆ ಮಾಡ್ತೀನಿ. ನಾಗವಾರದಲ್ಲಿದಾಳೆ. ಅಲ್ಲಿ ಜೋರು ಮಳೆ ಅಂದ್ಲೋ, ನಮ್ಮನೆಯವ್ರು ಸ್ಕೂಟರ್ ತಗೊಂಡು ಮೇಲಿನ ರೋಡಲ್ಲಿ ಇಟ್ಟು ಬರ್ತಾರೆ, ನಾವು ಅಕ್ಕಿ ಮೂಟೆ ಮಹಡಿಗೆ ಹೊರ್ತೀವಿ. ಬಿಸಿ ಕಾಫಿ ಕುಡಿಯೋಷ್ಟು ಟೈಮ್ ಸಿಗುತ್ತೆ ನೋಡಿ," ಎಂದವರೇ ಗಾರೆಯವನಿಗೆ ಇನ್ನೂ ಎರಡು ವರಸೆ ಇಟ್ಟಿಗೆ ಏರಿಸಲು ಹೇಳುತ್ತಾರೆ.